ಟೀವಿಗೆ ಬೆನ್ನು ಹಾಕಿ ಕೂತ ವಿಮರ್ಶಕರು

ಅಡುಗೆಮನೆಯ ಶೆಲ್ಫಿನಲ್ಲಿ ಡಬ್ಬಿಗಳ ಕೆಳಗೆ ಹಾಸುವ ಪೇಪರನ್ನು ವರ್ಷಕ್ಕೆ ಎರಡು ಸಲ ಬದಲಾಯಿಸುವುದು ನನ್ನ ಪದ್ಧತಿ. ಯುಗಾದಿಗೊಮ್ಮೆ, ದಸರೆಗೊಮ್ಮೆ. ಬದಲಾಯಿಸಿದ ದಿನ ಕ್ಯಾಲೆಂಡರಿನ ಚೌಕದಲ್ಲಿ ‘ಪೇಪರ್ ಹಾಕಿದೆ’ ಎಂದು ಬರೆದೂ ಇಡುತ್ತೇನೆ. ಸಿಲಿಂಡರ್ ಬಂದ ದಿನ, ಹಾಲಿನವನು ಬಾರದ ದಿನ, ದೋಸೆ ಹಿಟ್ಟು ಮಿತಿಮೀರಿ ಹುಳಿ ಬಂದ ದಿನ, ಎಲ್ಲಕ್ಕೂ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಸಾಕ್ಷಿಯಿದೆ. ಎಂಥ ಶಿಸ್ತಿನ ಹೆಂಗಸು ಎಂದು ನೀವು ಮೆಚ್ಚಿಕೊಳ್ಳುವ ಮೊದಲೇ ಒಂದು ಸಂಗತಿ ಒಪ್ಪಿಕೊಂಡುಬಿಡುತ್ತೇನೆ. ಕೆಳಗಿನ ಖಾನೆಯ ಮೂಲೆಯಲ್ಲಿರುವ ಹುಣಸೆಹಣ್ಣಿನ ಭರಣಿ ಬಹಳ ಭಾರ. ಅದನ್ನೆತ್ತಲು ಸೋಮಾರಿತನವಾಗಿ, ಹೊಸ ಪೇಪರನ್ನು ಅದರ ಸುತ್ತ ಗುಂಡಗೆ ಕತ್ತರಿಸಿ ಕೂರಿಸಿ, ಪೂರ್ತಿ ಬದಲಾಯಿಸಿದವಳ ಹಾಗೆ ಕ್ಯಾಲೆಂಡರಿನಲ್ಲಿ ಬರೆಯುತ್ತ ಬಂದಿದ್ದೇನೆ. ಏಳೆಂಟು ವರ್ಷ.

ಮೊನ್ನೆ ಆ ಭರಣಿ ಬಿರುಕು ಬಿಟ್ಟಿತು. ಎತ್ತಲೇಬೇಕಾಯಿತು. ಕೆಳಗೆ ದುಂಡಗಿನ ಒಂದು ತುಂಡು ಪೇಪರ್, ಅಂಚೆಲ್ಲ ಕಂದಿ ಹಪ್ಪಳದಂತಾಗಿತ್ತು. ಕೆರೆದು ಬಿಸಾಡಲು ಚಾಕು ತಂದವಳು ಅಲ್ಲೇ ಕೂತುಬಿಟ್ಟೆ. ನಮ್ಮ ಶಿವಮೊಗ್ಗದ್ದೇ ಒಂದು ಸಣ್ಣ ದಿನಪತ್ರಿಕೆಯ ಒಳಪುಟ ಅದು. ಮೇಲೆ ಪಂಚಾಂಗ, ಅದರ ಕೆಳಗೆ ಟೀವಿಯ ಹೊಸ ಧಾರಾವಾಹಿಗಳನ್ನು ವಿಮರ್ಶೆ ಮಾಡುವ ಅಂಕಣ, ಅದರ ಕೊನೆಯಲ್ಲಿ ಗೆರೆ ಹಾಕಿದ ಪುಟ್ಟ ಚೌಕ. ಚೌಕದ ತಲೆಯ ಮೇಲೆ ‘ತಿದ್ದುಪಡಿ’ ಎಂದಿತ್ತು. ಮೂರೇ ಸಾಲು. ಓದಿ ನಕ್ಕೆ. ಆಮೇಲೆ ಕಣ್ಣೊರೆಸಿಕೊಂಡೆ. ಹುಣಸೆಹಣ್ಣಿನ ಕೈ ಬೇರೆ, ಉರಿಯಿತು.

ಆ ಮೂರು ಸಾಲು ಏನೆಂದು ಈಗಲೇ ಹೇಳಿಬಿಡಬಹುದು. ಆದರೆ ವಾಸು ಮಾವನ ಪರಿಚಯವಿಲ್ಲದೆ ಅದು ನಿಮಗೆ ರುಚಿಸುವುದಿಲ್ಲ.

ವಾಸು ಮಾವ ನನ್ನ ತಾಯಿಯ ತಮ್ಮ. ಮದುವೆಯಾಗಲಿಲ್ಲ. ದುರ್ಗಿಗುಡಿಯಲ್ಲಿ ಸ್ಟೇಷನರಿ ಅಂಗಡಿಯೊಂದರ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದು, ಆ ಪತ್ರಿಕೆಯ ಕಚೇರಿಯಲ್ಲಿ ಕರಡು ತಿದ್ದುವ ಕೆಲಸ ಮಾಡುತ್ತಿದ್ದರು. ಅಚ್ಚಾಗುವ ಮೊದಲು ಪ್ರತಿ ಸಾಲನ್ನೂ ಓದಿ ತಪ್ಪು ಹುಡುಕುವ ಕೆಲಸ. ಯಾರಾದರೂ ಮದುವೆ ಕಾಗದ ಕೊಟ್ಟರೆ ಅಭಿನಂದನೆ ಹೇಳುವ ಮೊದಲು ಜೇಬಿನಿಂದ ಕೆಂಪು ಪೆನ್ನು ತೆಗೆಯುತ್ತಿದ್ದರು. ಯಾವುದೋ ಒಂದು ವಾರ ಪುಟದಲ್ಲಿ ಅಂಗೈ ಅಗಲದ ಜಾಗ ಖಾಲಿ ಉಳಿಯಿತಂತೆ. ಸಂಪಾದಕರು, “ವಾಸಣ್ಣ, ಟೀವೀಲಿ ಹೊಸದೇನೋ ಶುರುವಾಗಿದೆಯಲ್ಲ, ಅದರ ಮೇಲೆ ನಾಲ್ಕು ಸಾಲು ಗೀಚಿ” ಎಂದರಂತೆ. ಆ ನಾಲ್ಕು ಸಾಲು ಹದಿನೈದು ವರ್ಷ ನಡೆಯಿತು.

ತಮಾಷೆಯೆಂದರೆ ಮಾವನ ಕೋಣೆಯಲ್ಲಿ ಟೀವಿ ಇರಲಿಲ್ಲ. ಅದಕ್ಕಿಂತ ತಮಾಷೆಯೆಂದರೆ, ಅವರು ಟೀವಿ ನೋಡುತ್ತಲೇ ಇರಲಿಲ್ಲ.

ಇದಕ್ಕೆ ನಿಮ್ಮನ್ನು ಸ್ವಲ್ಪ ಹಿಂದಕ್ಕೆ, ಭದ್ರಾವತಿಯ ನ್ಯೂಟೌನಿಗೆ ಕರೆದುಕೊಂಡು ಹೋಗಬೇಕು. ನನ್ನ ಅಪ್ಪ ಕಾರ್ಖಾನೆಯಲ್ಲಿದ್ದರು. ನಮ್ಮ ಕ್ವಾರ್ಟರ್ಸಿನ ಸಾಲಿಗೆಲ್ಲ ಒಂದೇ ಟೀವಿ, ಅದು ಫೋರ್‌ಮನ್ ಆರ್ಮುಗಂ ಅವರ ಮನೆಯಲ್ಲಿ. ಮರದ ಪೆಟ್ಟಿಗೆ, ಪೆಟ್ಟಿಗೆಗೆ ಎರಡು ಬಾಗಿಲು, ಬಾಗಿಲಿಗೆ ಬೀಗ. ಸಂಜೆ ಬೀಗ ತೆಗೆಯುವ ಹೊತ್ತಿಗೆ ಇಡೀ ಸಾಲಿನ ಮಕ್ಕಳು ತಲೆ ಬಾಚಿಕೊಂಡು ಹೋಗಿ ನೆಲದ ಮೇಲೆ ಕೂರುತ್ತಿದ್ದೆವು. ಮುಖ ತೊಳೆಯದೆ ಬಂದವರನ್ನು ಆರ್ಮುಗಂ ಅವರ ಹೆಂಡತಿ ವಾಪಸು ಕಳಿಸುತ್ತಿದ್ದರು. ಟೀವಿಯೊಳಗಿನವರು ನಮ್ಮನ್ನು ನೋಡುತ್ತಾರೆಂದು ನಾನು ಬಹಳ ದಿನ ನಂಬಿದ್ದೆ.

ಆ ಟೀವಿಗೆ ಒಂದು ಕಾಯಿಲೆಯಿತ್ತು. ಹಿಂದಿನಿಂದ ಬರುವ ಚಪ್ಪಟೆ ಆಂಟೆನಾ ವೈರನ್ನು ಯಾರಾದರೂ ಬೆರಳಲ್ಲಿ ಹಿಡಿದು ನಿಂತರೆ ಮಾತ್ರ ಚಿತ್ರ ನಿಲ್ಲುತ್ತಿತ್ತು; ಬಿಟ್ಟರೆ ಬರೀ ಎಳ್ಳು ಚೆಲ್ಲಿದ ಹಾಗೆ. ನಾಲ್ಕಾರು ಜನರನ್ನು ಪರೀಕ್ಷಿಸಿ ನೋಡಿದ್ದಾಯಿತು. ಕೆಲಸ ಹುಡುಕುತ್ತ ಅಕ್ಕನ ಮನೆಯಲ್ಲಿದ್ದ ನಮ್ಮ ವಾಸು ಮಾವನ ಕೈಗೆ ಟೀವಿ ಒಗ್ಗಿತು. ಅಂದಿನಿಂದ ಅವರ ಸ್ಥಾನ ಪೆಟ್ಟಿಗೆಯ ಪಕ್ಕ, ಗೋಡೆಗೆ ಒರಗಿ, ಕೈ ಮೇಲೆತ್ತಿ.

“ವಾಸು, ಸ್ವಲ್ಪ ಮೇಲೆ! ಆಂ, ಅಲ್ಲೇ, ಅಲ್ಲೇ!”

“ಅಯ್ಯೋ ಅಲ್ಲಾಡಬೇಡಪ್ಪಾ ವಾಸು, ಪಡಂ ಹೋಯ್ತು!” ಎಂದು ಆರ್ಮುಗಂ ಅವರ ಹೆಂಡತಿ ತಮಿಳು ಕನ್ನಡ ಬೆರೆಸಿ ಕೂಗುತ್ತಿದ್ದರು.

ಅಲ್ಲಿ ನಿಂತರೆ ಪರದೆ ಕಾಣುವುದಿಲ್ಲ. ಮಾತು ಕೇಳುತ್ತದೆ, ಮುಂದೆ ಕೂತ ನಲವತ್ತು ಮುಖಗಳು ಕಾಣುತ್ತವೆ. ಮಾವ ಒಂದೆರಡು ವರ್ಷ ಆ ಮುಖಗಳನ್ನೇ ನೋಡಿದರು. ಮನೆಗೆ ಬರುವ ದಾರಿಯಲ್ಲಿ ನಾವು ಕಥೆ ಹೇಳಲು ಹೋದರೆ, “ನಂಗೆ ಗೊತ್ತು ಬಿಡ್ರೇ” ಎನ್ನುತ್ತಿದ್ದರು. “ಅಕ್ಕ ಸೆರಗಿನ ತುದಿ ಬಾಯಿಗಿಟ್ಕೊಂಡ್ಲು, ಅಂದ್ರೆ ಅತ್ತೆ ಬಂದ್ಲು. ಆರ್ಮುಗಂ ಮೀಸೆ ಮೇಲೆ ಕೈಯಿಟ್ರು, ಅಂದ್ರೆ ಪೊಲೀಸ್ ಬಂದ. ಈ ಸುಮಿ ಅತ್ಲು. ಸುಮಿ ಅಳೋದಕ್ಕೆ ಅರ್ಥ ಇಲ್ಲ, ಅವ್ಳು ಸೋಪಿನ ಜಾಹೀರಾತಿಗೂ ಅಳ್ತಾಳೆ.”

ಸುಮಿ ಎಂದರೆ ನಾನು. ಆ ತೀರ್ಪನ್ನು ಮಾವ ಇವತ್ತಿನವರೆಗೂ ಬದಲಾಯಿಸಿಲ್ಲ.

ಹೀಗಾಗಿ ಅಂಕಣ ಬರೆಯುವ ಕೆಲಸ ಬಂದಾಗ ಮಾವನಿಗೆ ಗೊತ್ತಿದ್ದ ದಾರಿ ಅದೊಂದೇ. ಮದುವೆಯಾಗಿ ನಾನು ಶಿವಮೊಗ್ಗದ ಹೊಸಮನೆ ಬಡಾವಣೆಗೆ ಬಂದಿದ್ದೆ. ಸಂಜೆ ಏಳಕ್ಕೆ ಹತ್ತು ನಿಮಿಷವಿರುವಾಗ ನಮ್ಮ ಗೇಟು ಕಿರ್ ಎನ್ನುತ್ತಿತ್ತು. ಮಾವ ಒಳಗೆ ಬಂದು, ಮೋರಿ ಕಟ್ಟೆಯಲ್ಲಿ ಕಾಲು ತೊಳೆದು, ಒಂದು ಸ್ಟೂಲನ್ನು ಟೀವಿಯ ಪಕ್ಕಕ್ಕೆ ಎಳೆದು, ಅದಕ್ಕೆ ಬೆನ್ನು ಹಾಕಿ ನಮ್ಮ ಕಡೆ ಮುಖ ಮಾಡಿ ಕೂರುತ್ತಿದ್ದರು. ಮೊಣಕಾಲ ಮೇಲೆ ಪುಟ್ಟ ನೋಟ್‌ಬುಕ್. ಮದುವೆಯಾದ ಹೊಸದರಲ್ಲಿ ನಮ್ಮನೆಯವರಿಗೆ ಇದು ವಿಚಿತ್ರವಾಗಿ ಕಂಡು, “ನಿಮ್ಮ ಮಾವನಿಗೆ ಕಣ್ಣಿಗೇನಾದ್ರೂ ತೊಂದ್ರೆನಾ?” ಎಂದು ಅಡುಗೆಮನೆಗೆ ಬಂದು ಪಿಸುಗುಟ್ಟಿದ್ದರು.

ನಮ್ಮ ಅತ್ತೆಯವರು ಮಾವನ ಪಾಲಿಗೆ ಅತ್ಯುತ್ತಮ ಪ್ರೇಕ್ಷಕಿ. ಅವರು ಮೊರದಲ್ಲಿ ಅಕ್ಕಿ ಆರಿಸುತ್ತ ಧಾರಾವಾಹಿ ನೋಡುವವರು. ಸುಲಭಕ್ಕೆ ಕರಗುವ ಜನವಲ್ಲ. ಅತ್ತೆಯವರ ಬೆರಳು ಮೊರದಲ್ಲಿ ನಿಂತಿತೆಂದರೆ ಮಾವನ ಪೆನ್ನು ಓಡುತ್ತಿತ್ತು. ಭಾನುವಾರದ ಅಂಕಣದಲ್ಲಿ ಬರೆಯುತ್ತಿದ್ದರು: ‘ಮೊದಲ ಕಂತು ಮುಗಿಯುವಷ್ಟರಲ್ಲಿ ಒಂದು ಸೇರು ಅಕ್ಕಿ ಆರಿಸಿಯಾಯಿತು. ಒಂದು ಕಲ್ಲೂ ಉಳಿದಿರಲಿಲ್ಲ. ಹಾಗಾಗಿ ಈ ಧಾರಾವಾಹಿಯ ಬಗ್ಗೆ ಹೆಚ್ಚು ಹೇಳುವಂತಿಲ್ಲ.’ ಇನ್ನೊಂದು ವಾರ: ‘ಸಾರಿಗೆ ಎರಡು ಸಲ ಉಪ್ಪು ಬಿತ್ತು. ನೋಡಬಹುದು.’ ಅಷ್ಟೇ. ಅಷ್ಟು ಓದಿ ಊರಿನ ಹೆಂಗಸರು ಏಳು ಗಂಟೆಗೆ ಯಾವ ಚಾನೆಲ್ ಹಾಕಬೇಕೆಂದು ತೀರ್ಮಾನಿಸುತ್ತಿದ್ದರು.

ದೊಡ್ಡ ಪತ್ರಿಕೆಗಳ ವಿಮರ್ಶೆಗಳನ್ನೂ ನಾನು ತಪ್ಪದೆ ಓದುತ್ತಿದ್ದೆ. ಚಿತ್ರಕಥೆಯ ಬಿಗುವು, ಬೆಳಕಿನ ವಿನ್ಯಾಸ, ಪಾತ್ರಪೋಷಣೆ, ಕೊನೆಗೆ ಎರಡೂವರೆ ನಕ್ಷತ್ರ. ಆ ಅರ್ಧ ನಕ್ಷತ್ರವನ್ನು ಎಲ್ಲಿಂದ ಮುರಿಯುತ್ತಾರೆ ಎಂಬುದು ನನಗೆ ದೊಡ್ಡ ಬೆರಗು. ಒಮ್ಮೆ ಮಾವನಿಗೆ, “ನೀವೂ ಹಾಗೆ ಬರೀಬಾರದಾ?” ಎಂದಿದ್ದೆ.

“ಅವ್ರು ಟೀವಿ ನೋಡಿ ಬರೀತಾರೆ ಮಾರಾಯ್ತಿ. ನಂಗೆ ಟೀವಿ ನೋಡೋಕೆ ಬರಲ್ಲ. ಕಣ್ಣು ತಾನಾಗೇ ಈ ಕಡೆ ತಿರುಗುತ್ತೆ” ಎಂದರು, ಏನೋ ಅಂಗವಿಕಲತೆ ಒಪ್ಪಿಕೊಳ್ಳುವವರ ಹಾಗೆ.

ಒಂದು ವಿಷಯಕ್ಕೆ ಮಾತ್ರ ಅವರಿಗೆ ಜಂಬವಿತ್ತು. ಹದಿನೈದು ವರ್ಷದಲ್ಲಿ ಅವರ ಅಂಕಣಕ್ಕೆ ಒಂದೇ ಒಂದು ತಿದ್ದುಪಡಿ ಬಂದಿರಲಿಲ್ಲ. “ಕಂಡದ್ದು ಬರೆದ್ರೆ ತಿದ್ದೋಕೇನಿರುತ್ತೆ?” ಎನ್ನುತ್ತಿದ್ದರು.

ಇನ್ನು ನಮ್ಮ ಎದುರುಮನೆಯ ಸರೋಜಕ್ಕನ ವಿಷಯ. ಸರೋಜಕ್ಕನ ಯಜಮಾನರು ನಂಜುಂಡಪ್ಪನವರು ಭದ್ರಾವತಿಯ ಹಳೇ ಊರಿನಲ್ಲಿ ಒಂದು ವರ್ಕ್‌ಶಾಪಿನ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಸಂಜೆ ಏಳೂಕಾಲಿಗೆ ಸರಿಯಾಗಿ ಅವರ ಗೇಟಿನ ಚಿಲಕದ ಸದ್ದು; ನಾನು ಎಷ್ಟೋ ಸಲ ಅದನ್ನು ಕೇಳಿ ಗಡಿಯಾರ ಸರಿಮಾಡಿದ್ದುಂಟು. ಮಾತು ಕಡಿಮೆ. ನಂಬಿಕೆ ಮುದ್ರಿತ ಅಕ್ಷರದ ಮೇಲೆ ಮಾತ್ರ. ಪೇಪರಿನ ಟೆಂಡರ್ ನೋಟೀಸನ್ನೂ ಎರಡು ಸಲ ಓದುವವರು. ಅವರ ಒಬ್ಬಳೇ ಮಗಳು ಕಾವ್ಯ ಕಾಲೇಜಿನಲ್ಲಿ ನಾಟಕದ ಹುಚ್ಚು ಹಿಡಿಸಿಕೊಂಡು, ಡಿಗ್ರಿ ಮುಗಿದದ್ದೇ ಬೆಂಗಳೂರಿಗೆ ಹೋಗಿ, ಆರು ತಿಂಗಳು ಅಲೆದು, ಹೊಸ ಧಾರಾವಾಹಿಯೊಂದರಲ್ಲಿ ಪಾತ್ರ ಗಿಟ್ಟಿಸಿದ್ದಳು. ಮನೆಕೆಲಸದ ಹುಡುಗಿಯ ಪಾತ್ರ. ದಿನಕ್ಕೊಂದು ಸಲ ಬಂದು “ಅಮ್ಮಾವ್ರೇ, ಕಾಫಿ” ಎನ್ನಬೇಕು.

“ಇಪ್ಪತ್ತೊಂದು ವರ್ಷ ಸಾಕಿದ್ದು ಟೀವೀಲಿ ಲೋಟ ಎತ್ತೋಕಾ?” ಎಂದರಂತೆ ನಂಜುಂಡಪ್ಪನವರು. ಭದ್ರಾವತಿಯ ಪರಿಚಯದ ಶಾಲೆಯೊಂದರಲ್ಲಿ ಅವಳಿಗೆ ಟೀಚರ್ ಕೆಲಸ ಮಾತಾಡಿಟ್ಟರು. ಅರ್ಜಿಯನ್ನು ತಾವೇ ತಮ್ಮ ಗುಂಡಕ್ಷರದಲ್ಲಿ ಬರೆದಿಟ್ಟರು. ಮಗಳ ಸಹಿ ಒಂದೇ ಬಾಕಿ. ಹೆಂಡತಿ ಗೋಗರೆದ ಮೇಲೆ ಒಂದು ಅವಕಾಶ ಕೊಟ್ಟರು. “ಭಾನುವಾರದ ಪೇಪರಲ್ಲಿ ಏನು ಬರುತ್ತೋ ನೋಡೋಣ. ಚೆನ್ನಾಗಿ ಮಾಡ್ತಾಳೆ ಅಂತ ಅಚ್ಚಾದ್ರೆ ಮಾಡ್ಲಿ. ಇಲ್ಲ ಅಂದ್ರೆ ಸೋಮವಾರ ಬಂದು ಶಾಲೆ ಸೇರ್ಲಿ.”

ಭಾನುವಾರದ ಪೇಪರು ಎಂದರೆ ವಾಸು ಮಾವ.

ಧಾರಾವಾಹಿ ಶುರುವಾದ ಸೋಮವಾರವೂ ಮರುದಿನ ಮಂಗಳವಾರವೂ ಮಾವ ಜ್ವರವೆಂದು ಬರಲಿಲ್ಲ. ಬುಧವಾರ ಬರುತ್ತಾರೆಂದು ತಿಳಿದದ್ದೇ ಸರೋಜಕ್ಕ ನಮ್ಮ ಮನೆಗೆ ಓಡಿ ಬಂದರು. ಮಾವನ ಪದ್ಧತಿ ಇಡೀ ಬೀದಿಗೆ ಗೊತ್ತು. ನಾನು ಕೊಟ್ಟ ಉಪಾಯ ಇದು, ಈಗ ಹೇಳಲು ನಾಚಿಕೆಯಾಗುತ್ತದೆ: ಮಾವ ನೋಡುವುದು ನಮ್ಮ ಮುಖ ತಾನೆ, ನಾವೇ ಚೆನ್ನಾಗಿ ನೋಡಿಬಿಟ್ಟರಾಯಿತು!

ಏಳು ಗಂಟೆಗೆ ನಮ್ಮ ನಡುಮನೆಯಲ್ಲಿ ಬೀದಿಯ ಎಂಟು ಹೆಂಗಸರು. ಸರೋಜಕ್ಕ ಎಲ್ಲರಿಗೂ ಒಗೆದ ಕರ್ಚೀಫು ಹಂಚಿದ್ದರು. ಮೂಲೆಮನೆ ಲಲಿತಕ್ಕ ಬೀನ್ಸ್ ತಂದಿದ್ದರು, ಕಾವ್ಯ ಬಂದೊಡನೆ ಮುರಿಯುವುದನ್ನು ನಿಲ್ಲಿಸಲಿಕ್ಕೆ. ನಾನು ಒಲೆಯ ಮೇಲೆ ಹಾಲಿಟ್ಟು ಉರಿ ದೊಡ್ಡದು ಮಾಡಿ ಬಂದು ಕೂತೆ. ಮಾವ ಸ್ಟೂಲು ಎಳೆದು ಬೆನ್ನು ಹಾಕಿ ಕೂತರು.

ಕಾವ್ಯ ತಟ್ಟೆ ಹಿಡಿದು ಬಂದಳು. ಎಂಟು ಕೈ ಎದೆಯ ಮೇಲೆ ಹೋದವು. ಲಲಿತಕ್ಕನ ಬೀನ್ಸು ನಿಂತಿತು. ಅಡುಗೆಮನೆಯಲ್ಲಿ ಹಾಲು ಚುಂಯ್ ಎಂದಿತು, ನಾನು ಏಳಲಿಲ್ಲ. ಸೀದ ವಾಸನೆ ನಡುಮನೆಗೆಲ್ಲ ಹರಡಿತು.

“ಸುಮಿ, ಹಾಲು ಉಕ್ತಾ ಇದೆ” ಎಂದರು ಮಾವ ತಣ್ಣಗೆ.

“ಹೌದಾ? ಗೊತ್ತೇ ಆಗ್ಲಿಲ್ಲ ಮಾವ, ಅಷ್ಟು ಮುಳುಗಿಬಿಟ್ಟಿದ್ದೆ.”

“ಎಲ್ಲಿ ಮುಳುಗಿದ್ದೆ? ಆಗಿಂದ ಅಡುಗೆಮನೆ ಬಾಗಿಲನ್ನೇ ನೋಡ್ತಿದೀಯ.” ಅವರು ನೋಟ್‌ಬುಕ್ ಮುಚ್ಚಿದರು. “ಮಿಕ್ಕವರೆಲ್ಲ ನನ್ನನ್ನೇ ನೋಡ್ತಿದೀರಿ. ಈ ವಾರ ನನ್ನ ಬಗ್ಗೆನೇ ಬರೀಲಾ?”

ಎಂಟು ಕೈಗಳೂ ಎದೆಯಿಂದ ಕೆಳಗಿಳಿದವು. ಅತ್ತೆಯವರೊಬ್ಬರು ಮಾತ್ರ ಅಕ್ಕಿ ಆರಿಸುತ್ತ, “ಉಪಾಯ ನಂಗೆ ಹೇಳಿದ್ರೆ ನಾನೂ ಮೊರ ಕೆಳಗಿಡ್ತಿದ್ದೆ” ಎಂದರು.

ಸರೋಜಕ್ಕ ಅತ್ತೇಬಿಟ್ಟರು. ಈ ಸಲ ಕರ್ಚೀಫು ನೆನಪಾಗದೆ ಸೆರಗಿನಲ್ಲೇ ಒರೆಸಿಕೊಂಡರು. “ವಾಸಣ್ಣ, ಎರಡೇ ಎರಡು ಒಳ್ಳೆ ಮಾತು ಬರೀರಿ. ಸುಳ್ಳಾದ್ರೂ ಸರಿ. ಆ ಮಗು ಫೋನಲ್ಲಿ ‘ಪೇಪರಲ್ಲಿ ಏನು ಬರುತ್ತಮ್ಮ’ ಅಂತ ದಿನಾ ಕೇಳುತ್ತೆ.”

“ಸುಳ್ಳು ಬರೆದ್ರೆ ನಿಮ್ಮೆಜಮಾನ್ರಿಗೆ ಮೊದಲ ಸಾಲಲ್ಲೇ ಗೊತ್ತಾಗುತ್ತೆ ತಾಯಿ. ಓದೋದರಲ್ಲಿ ಅವ್ರು ನನಗಿಂತ ಗಟ್ಟಿ. ಅವ್ರು ನೋಡಿದಾರಾ ಇದನ್ನ?”

“ಎಲ್ಲಿಂದ? ನಾನು ಟೀವಿ ಹಾಕೋ ಹೊತ್ತಿಗೆ ಅವ್ರು ಮನೇಲೇ ಇರಲ್ಲ. ಏಳೂಕಾಲಿಗೆ ಬರೋರು ಸೋಮವಾರದಿಂದ ಎಂಟೂಕಾಲಿಗೆ ಬರ್ತಿದಾರೆ. ಕೇಳಿದ್ರೆ, ಸ್ಟಾಕ್ ಚೆಕಿಂಗು ಅಂತಾರೆ.”

“ಸೋಮವಾರದಿಂದ?” ಎಂದರು ಮಾವ. ಮುಚ್ಚಿದ ನೋಟ್‌ಬುಕ್ ಮತ್ತೆ ತೆರೆದು ಏನೋ ಬರೆದುಕೊಂಡರು.

ಶುಕ್ರವಾರ ಸಂಜೆ ಐದೂವರೆಗೆ ಮಾವ ಬಂದು, “ಸೀರೆ ಬದಲಾಯಿಸು, ಭದ್ರಾವತಿಗೆ ಹೋಗಿ ಬರೋಣ. ಮಂಡಿ ನೋವು, ಬಸ್ ಹತ್ತೋಕೆ ಜೊತೆ ಬೇಕು” ಎಂದರು. ಕಂಡಕ್ಟರ್ ಕೊಟ್ಟ ಟಿಕೆಟಿನಲ್ಲಿ ಊರಿನ ಹೆಸರು ಸರಿಯಾಗಿ ಅಚ್ಚಾಗಿದೆಯೇ ಎಂದು ನೋಡಿ ಜೇಬಿಗಿಟ್ಟರು. ನಾನು ಕಿಟಕಿಯಾಚೆ ನೋಡುತ್ತ, ಬುಧವಾರದ ಹಾಲಿನ ಪಾತ್ರೆಯ ಕಲೆ ಇನ್ನೂ ಹೋಗಿಲ್ಲವಲ್ಲ ಎಂದು ಯೋಚಿಸುತ್ತಿದ್ದೆ.

ಹಳೇ ಊರಿನಲ್ಲಿ ಬಸ್ಸು ನಿಲ್ಲುವಲ್ಲೇ ರಾಘಣ್ಣನ ಹೋಟೆಲು. ಬಸ್ಸಿಗೆ ಕಾಯುವವರೆಲ್ಲ ಒಳಗೆ ಬಂದು ಕೂರುವ ಜಾಗ. ದೋಸೆ ಕಾವಲಿ ಬಾಗಿಲ ಬಳಿಯೇ, ಎದುರಿನ ಗೋಡೆಗೆ ಎತ್ತರದಲ್ಲಿ ಟೀವಿ, ಟೀವಿಯ ಕೆಳಗೆ ಒಂದು ಬೆಂಚು. ಮಾವ ನೇರ ಹೋಗಿ ಆ ಬೆಂಚಿನ ಮೇಲೆ ಕೂತು ಪಕ್ಕದಲ್ಲಿ ನನ್ನನ್ನೂ ಕೂರಿಸಿಕೊಂಡರು. ತಲೆಯ ಮೇಲೆ ಟೀವಿ, ಎದುರಿಗೆ ಇಡೀ ಹೋಟೆಲು.

“ಅಯ್ಯೋ ಮಾವ, ಎಲ್ರೂ ನಮ್ಮನ್ನೇ ನೋಡ್ತಾರೆ!”

“ಟೀವಿ ಕೆಳಗೆ ಕೂತವರನ್ನ ಯಾರೂ ನೋಡಲ್ಲ ಕಣೇ. ನಿಮ್ಮನೇಲಿ ಮೊನ್ನೆ ಎಲ್ರೂ ನನ್ನನ್ನ ನೋಡಿದಾಗಲೇ ಗೊತ್ತಾಗಿದ್ದು, ಇವ್ರು ಟೀವಿ ನೋಡ್ತಿಲ್ಲ ಅಂತ.”

ಏಳಾಯಿತು. ಧಾರಾವಾಹಿಯ ಹಾಡು ಶುರುವಾಯಿತು. ನನ್ನ ಐವತ್ತು ವರ್ಷದ ಬಾಳಿನಲ್ಲಿ ನಾನು ಸಾವಿರಾರು ಗಂಟೆ ಟೀವಿ ನೋಡಿರಬಹುದು. ಟೀವಿ ನೋಡುವವರನ್ನು ನೋಡಿದ್ದು ಅದೇ ಮೊದಲು. ಏನೆಂದು ಹೇಳಲಿ ನಿಮಗೆ! ಮುಖಗಳ ಮೇಲೆ ನೀಲಿ ಬೆಳಕು ಬಂದು ಹೋಯಿತು, ಹಿಂದೆಯೇ ಹಳದಿ. ಅಷ್ಟು ಹೊತ್ತು ಜಗಳದ ದನಿಯಲ್ಲಿ ಮಾತಾಡುತ್ತಿದ್ದ ದೊಡ್ಡ ದೇಹದ ಮನುಷ್ಯನೊಬ್ಬನ ಬಾಯಿ, ತುತ್ತಿಗೆ ಕಾಯುವ ಮಗುವಿನ ಬಾಯಿಯಂತೆ ತುಸುವೇ ತೆರೆದುಕೊಂಡಿತು. ಟಿಕೆಟಿನ ಚೀಲ ಸೊಂಟದಲ್ಲಿದ್ದ ಕಂಡಕ್ಟರೊಬ್ಬ ಇಡ್ಲಿಯನ್ನು ಚಟ್ನಿಗೆ ಅದ್ದಿ ಅಲ್ಲೇ ಮರೆತ. ಯಾರಿಗೂ ತಾವು ಹೇಗೆ ಕಾಣುತ್ತಿದ್ದೇವೆಂಬ ಪರಿವೆಯಿಲ್ಲ. ದೇವರ ಮುಂದೆ ಕೂಡ ನಾವು ಮುಖವನ್ನು ಒಂಚೂರು ಸರಿಮಾಡಿಕೊಂಡು ನಿಲ್ಲುತ್ತೇವೆ. ಇಲ್ಲಿ ಅದೂ ಇರಲಿಲ್ಲ. ಮಾವ ಇದನ್ನು ಎಷ್ಟು ವರ್ಷದಿಂದ ಒಬ್ಬರೇ ನೋಡುತ್ತ ಬಂದಿದ್ದಾರಲ್ಲ ಎಂದು ಅವರ ಕಡೆ ತಿರುಗಿದೆ. ಅವರು ಕಣ್ಣಿನಲ್ಲೇ ಮೂಲೆ ತೋರಿಸಿದರು.

ಕೈ ತೊಳೆಯುವ ಬೇಸಿನ್ನಿನ ಪಕ್ಕದ ಮೇಜಿನಲ್ಲಿ ನಂಜುಂಡಪ್ಪನವರು ಕೂತಿದ್ದರು. ಮಡಿಲಲ್ಲಿ ಊಟದ ಡಬ್ಬಿಯ ಚೀಲ. ಮುಂದೆ ಆಗಷ್ಟೇ ಬಂದ ಕಾಫಿ.

ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ನನ್ನ ಮಣಿಕಟ್ಟು ಒತ್ತಿದರು. “ಸುಮ್ನಿರು. ನೋಡು.”

ಮೇಲಿಂದ ಯಾರೋ ಜಗಳವಾಡುವ ದನಿ, ಬಳೆ, ಬಾಗಿಲು. ಹೋಟೆಲಿನವರು ತಮ್ಮ ತಮ್ಮ ತಟ್ಟೆಗೆ ಮರಳುತ್ತಿದ್ದರು. ಕಂಡಕ್ಟರ್ ಇಡ್ಲಿ ನೆನಪು ಮಾಡಿಕೊಂಡ. ನಂಜುಂಡಪ್ಪನವರು ಕದಲಲಿಲ್ಲ. ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು. ಆಮೇಲೆ ನಮ್ಮ ತಲೆಯ ಮೇಲೆ ಕಾವ್ಯಳ ದನಿ ಬಂತು: “ಅಮ್ಮಾವ್ರೇ, ಕಾಫಿ.”

ನಂಜುಂಡಪ್ಪನವರ ತುಟಿ ಅಲುಗಿತು. ದನಿಯಿಲ್ಲದೆ, ಅವಳ ಜೊತೆಯಲ್ಲೇ, ಅಕ್ಷರಕ್ಕೆ ಅಕ್ಷರ ಅದೇ ಎರಡು ಮಾತು.

ಕಾವಲಿಯ ಮುಂದೆ ರಾಘಣ್ಣ ಹಿಟ್ಟಿನ ಸೌಟು ಎತ್ತಿದವರು ಹಾಗೇ ನಿಂತರು. “ನೋಡ್ರೋ ಇಲ್ಲಿ” ಎಂದರು ಯಾರಿಗೆಂದಿಲ್ಲದೆ. “ಈ ಸೀರಿಯಲ್‌ನೋರೆಲ್ಲ ಖಾಲಿ ಲೋಟ ಹಿಡ್ಕೊಂಡು ಕಾಫಿ ಕುಡಿಯೋ ನಾಟಕ ಮಾಡ್ತಾರೆ. ಮೂವತ್ತು ವರ್ಷದಿಂದ ಲೋಟ ಹಿಡಿದೋನು ನಾನು, ನಂಗೆ ಗೊತ್ತಾಗಲ್ವಾ? ಈ ಹುಡುಗಿ ಮಾತ್ರ ಕಂಠದ ಹತ್ರ ಬೆರಳ ತುದೀಲಿ ಹಿಡಿದಿದಾಳೆ ನೋಡಿ. ಬಿಸಿ ತಾಗ್ತಿದೆ ಅವ್ಳಿಗೆ!” ಸೌಟಿನಿಂದ ಹಿಟ್ಟು ತೊಟ್ಟಿಕ್ಕಿ ಕಾವಲಿಯ ಮೇಲೆ ನಾಲ್ಕು ಬೊಟ್ಟಾಗಿ ಸೀದಿತು.

ನಾಲ್ಕೈದು ಜನ ಹೌದೌದೆಂದು ತಲೆಯಾಡಿಸಿದರು. ಮೂಲೆಯ ಮೇಜಿನ ಮನುಷ್ಯ ತಲೆಯಾಡಿಸಲಿಲ್ಲ. ರಾಘಣ್ಣನನ್ನೊಮ್ಮೆ ನೋಡಿದರು, ಟೀವಿಯನ್ನೊಮ್ಮೆ ನೋಡಿದರು. ಆ ಮುಖವನ್ನು ವರ್ಣಿಸಲು ನನಗೆ ಬರುವುದಿಲ್ಲ. ಕಾರ್ಖಾನೆಯಲ್ಲಿ ಅಪ್ಪ ಒಮ್ಮೆ ಕುಲುಮೆಯ ಬಾಗಿಲು ತೆಗೆಯುವುದನ್ನು ದೂರದಿಂದ ತೋರಿಸಿದ್ದರು. ಎದುರಿಗೆ ನಿಂತವರ ಮುಖ ಒಂದೇ ಕ್ಷಣ ಹೊತ್ತಿಕೊಂಡಂತಾಗಿ ಮತ್ತೆ ಕತ್ತಲಾಗಿತ್ತು. ಅದು ನೆನಪಾಯಿತು.

ಜಾಹೀರಾತು ಬಂದೊಡನೆ ಮಾವ, “ಏಳು, ಅವ್ರ ಕಣ್ಣು ಕೆಳಗೆ ಬರೋ ಮೊದಲು ಹೋಗೋಣ” ಎಂದರು. ಇಬ್ಬರೂ ಕಳ್ಳರ ಹಾಗೆ ಹೊರಬಿದ್ದೆವು. ಬಸ್ಸಿನಲ್ಲಿ ಮಾವ ಒಂದೇ ಮಾತು ಕೇಳಿದರು: “ಕಾಫಿ ಮುಟ್ಟಿದ್ರಾ?”

“ಇಲ್ಲ ಮಾವ. ಕೆನೆ ಕಟ್ಟಿತ್ತು.”

ಮಾವ ಬರೆದುಕೊಂಡರು.

ಭಾನುವಾರ ಬೆಳಿಗ್ಗೆ ಪೇಪರ್ ಹಾಕುವವನ ಸೈಕಲ್ಲಿನ ಗಂಟೆಗೆ ನಮ್ಮ ಬೀದಿಯ ಅಷ್ಟೂ ಗೇಟುಗಳು ಒಟ್ಟಿಗೆ ತೆರೆದುಕೊಂಡವು. ಪಂಚಾಂಗದ ಕೆಳಗೆ ಹೀಗಿತ್ತು: ‘ಈ ಧಾರಾವಾಹಿಯಲ್ಲಿ ಜಗಳ ಹೆಚ್ಚು. ಪ್ರೇಕ್ಷಕರು ಇಡ್ಲಿ ತಿಂದು ಮುಗಿಸಬಹುದು. ಆದರೆ ಕಾಫಿ ತರುವ ಹುಡುಗಿ ಬಂದಾಗ ಭದ್ರಾವತಿಯ ಹೋಟೆಲೊಂದರಲ್ಲಿ ದೋಸೆಯ ಸೌಟು ಗಾಳಿಯಲ್ಲಿ ನಿಂತಿತು. ಅವಳ ಲೋಟ ಮಾತ್ರ ಖಾಲಿಯಲ್ಲ ಎಂದರು ಅಲ್ಲಿಯ ಮಾಲೀಕರು. ಮೂಲೆಯ ಮೇಜಿನ ಗಿರಾಕಿಯೊಬ್ಬರು ತಮ್ಮ ಕಾಫಿಯನ್ನು ಮುಟ್ಟಲೇ ಇಲ್ಲ. ಆ ಹುಡುಗಿಯನ್ನು ನಾಳೆಯೂ ನೋಡಬೇಕು.’

ಸರೋಜಕ್ಕ ಪೇಪರ್ ಹಿಡಿದುಕೊಂಡು ನಮ್ಮನೆಗೆ ಓಡಿ ಬಂದರು. “ಸುಮಾ, ಚೆನ್ನಾಗಿದೆ ಅಂತ ತಾನೇ ಇದ್ರರ್ಥ? ಇವ್ರು ಮೂರು ಸಲ ಓದಿದ್ರು. ಏನೂ ಹೇಳ್ಲಿಲ್ಲ. ಚಪ್ಪಲಿ ಹಾಕ್ಕೊಂಡು ಎಲ್ಲೋ ಹೋದ್ರು. ಅಲ್ಲ, ಆ ಗಿರಾಕಿ ಯಾಕೆ ಕಾಫಿ ಮುಟ್ಲಿಲ್ವಂತೆ? ಚೆನ್ನಾಗಿರ್ಲಿಲ್ವಾ?”

ಆ ಗಿರಾಕಿ ಯಾರೆಂದು ನನ್ನ ನಾಲಿಗೆಯ ತುದಿಯಲ್ಲಿತ್ತು. ನಾನು ಗುಟ್ಟು ಇಟ್ಟುಕೊಳ್ಳುವ ಹೆಂಗಸಲ್ಲ. ಅವತ್ತು ಮಾತ್ರ ಹೇಗೋ ನುಂಗಿಕೊಂಡೆ. ಅವರು ಹೇಳದಿರುವುದನ್ನು ನಾನು ಹೇಳಲು ಯಾರು?

ಮಧ್ಯಾಹ್ನ ಊಟದ ಹೊತ್ತಿಗೆ ಮಾವ ನಮ್ಮ ಮನೆಯಲ್ಲಿದ್ದರು. ತಟ್ಟೆ ಹಾಕುತ್ತಿದ್ದೆ. ಗೇಟಿನ ಸದ್ದಾಯಿತು. ನಂಜುಂಡಪ್ಪನವರು. ಅಷ್ಟು ವರ್ಷದಲ್ಲಿ ನಮ್ಮ ಹೊಸ್ತಿಲು ತುಳಿದವರಲ್ಲ. ಒಳಗೂ ಬರಲಿಲ್ಲ, ಮೆಟ್ಟಿಲ ಮೇಲೆ ನಿಂತರು. ಕೈಯಲ್ಲಿ ಮಡಿಸಿದ ಪೇಪರು. ಮುಖ ಗಂಟಿಕ್ಕಿಕೊಂಡಿತ್ತು.

“ವಾಸಣ್ಣೋರೇ, ನಿಮ್ಮ ಅಂಕಣದಲ್ಲಿ ತಪ್ಪಿದೆ.”

ಮಾವನಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. “ತಪ್ಪಾ? ನಂದಾ?”

“ಮೂಲೆ ಮೇಜಿನ ಗಿರಾಕಿ ಕಾಫಿ ಮುಟ್ಟಲೇ ಇಲ್ಲ ಅಂತ ಬರೆದಿದೀರಿ.”

“ಮುಟ್ಟಿರ್ಲಿಲ್ಲ. ನಾನೇ ಕಂಡಿದೀನಿ. ಇವ್ಳೂ ಇದ್ಲು.”

“ನೀವು ಜಾಹೀರಾತು ಬಂದಾಗ ಎದ್ದು ಹೋದ್ರಿ.” ನಂಜುಂಡಪ್ಪನವರು ಮೊದಲ ಸಲ ನನ್ನ ಕಡೆಗೂ ನೋಡಿದರು, ನಾನು ನೆಲ ನೋಡಿದೆ. “ನಾನು ಆಮೇಲೆ ಕುಡಿದೆ. ತಣ್ಣಗಾಗಿತ್ತು, ಪೂರ್ತಿ ಕುಡಿದೆ. ಅಲ್ರಿ, ಮಗಳು ತಂದುಕೊಟ್ಟ ಕಾಫಿನ ಯಾರಾದ್ರೂ ಬಿಟ್ಟು ಬರ್ತಾರೇನ್ರಿ?”

ಮಾವ ಜೇಬಿನಿಂದ ಕೆಂಪು ಪೆನ್ನು ತೆಗೆದರು. ನಂಜುಂಡಪ್ಪನವರ ಕೈಯಿಂದ ಪೇಪರು ತೆಗೆದುಕೊಂಡು ಆ ಸಾಲಿನ ಪಕ್ಕ ಗುರುತು ಹಾಕಿದರು. “ತಿದ್ದುಪಡಿ ಹಾಕಿಸ್ತೀನಿ” ಎಂದರು. ಹದಿನೈದು ವರ್ಷದ ಜಂಬ ಅಲ್ಲಿಗೆ ಮುಗಿಯಿತು. ನಷ್ಟವಾದ ಲಕ್ಷಣ ಮಾತ್ರ ಅವರ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ.

“ಊಟ ಮಾಡ್ಕೊಂಡು ಹೋಗಿ” ಎಂದೆ.

“ಇಲ್ಲಮ್ಮ, ಟೀವಿ ಸ್ಟ್ಯಾಂಡು ಅಲ್ಲಾಡ್ತಿದೆ, ಸರಿ ಮಾಡ್ಬೇಕು. ಏಳು ಗಂಟೆಗೆ ಬೇಕಲ್ಲ ನಾಳೆಯಿಂದ” ಎಂದು ಹೊರಟರು.

ಮರುದಿನ ಸಂಜೆ ಸರೋಜಕ್ಕನ ಮನೆಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಹೋಗಿದ್ದೆ. ಏಳು ಗಂಟೆಯ ಹಾಡು ಶುರುವಾಗಿತ್ತು. ನಂಜುಂಡಪ್ಪನವರು ಅರ್ಧ ಗಂಟೆ ಮೊದಲೇ ಮನೆಗೆ ಬಂದು ಎದುರಿಗೆ ಕೂತಿದ್ದರು. ಟೀವಿಯ ಸ್ಟ್ಯಾಂಡು ಅಲ್ಲಾಡುತ್ತಿರಲಿಲ್ಲ. ಅದರ ಒಂದು ಕಾಲಿನ ಕೆಳಗೆ ನಾಲ್ಕು ಮಡಿಕೆ ಮಾಡಿದ ಕಾಗದ. ಹೊರಗೆ ಕಂಡ ತುದಿಯಲ್ಲಿ ‘ಮಾನ್ಯರೇ’ ಎಂದು ಗುಂಡಕ್ಷರವಿತ್ತು.

ಈಗ ಪತ್ರಿಕೆಯಲ್ಲಿ ಆ ಅಂಕಣವಿಲ್ಲ. ಕಾವ್ಯ ಕಾಫಿ ತಟ್ಟೆ ಕೆಳಗಿಟ್ಟು ಎಷ್ಟೋ ಕಾಲವಾಯಿತು. ಈಗ ಅವಳಿಗೇ ಬೇರೆಯವರು ಕಾಫಿ ತಂದುಕೊಡುವಂಥ ಪಾತ್ರಗಳು ಸಿಗುತ್ತವೆ. ಲೋಟ ಹಿಡಿಯುವುದು ಮಾತ್ರ ಇವತ್ತಿಗೂ ಕಂಠದ ಹತ್ತಿರ, ಬೆರಳ ತುದಿಯಲ್ಲೇ. ವಾಸು ಮಾವ ಈಗಲೂ ಭಾನುವಾರ ಬರುತ್ತಾರೆ. ನಾವೆಲ್ಲ ನಮ್ಮ ನಮ್ಮ ಫೋನು ಹಿಡಿದು ಕೂತಿದ್ದರೆ ಸ್ಟೂಲಿನ ಮೇಲೆ ಕೂತು, “ಮುಂಚೆ ಎಲ್ರ ಮುಖಕ್ಕೂ ಒಂದೇ ಬೆಳಕು ಬರ್ತಿತ್ತು. ಈಗ ಒಬ್ಬೊಬ್ಬರಿಗೆ ಒಂದೊಂದು. ನಂಗೆ ಕೆಲಸ ಜಾಸ್ತಿ ಆಗಿದೆ” ಎನ್ನುತ್ತಾರೆ. ಮೊನ್ನೆ ಆ ದುಂಡಗಿನ ತುಂಡನ್ನು ಅವರಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು, ಅಭ್ಯಾಸಬಲದಿಂದ ಅಕ್ಷರದ ಮೇಲೆ ಬೆರಳಿಟ್ಟು, ತಪ್ಪೇನಾದರೂ ಇದೆಯೇ ಎಂದು ನೋಡುತ್ತ ಓದಿದರು. ನಾನು ಎದುರಿಗೆ ಕೂತು ಅವರ ಮುಖವನ್ನೇ ನೋಡುತ್ತಿದ್ದೆ.

‘ತಿದ್ದುಪಡಿ: ಕಳೆದ ವಾರದ ಅಂಕಣದಲ್ಲಿ ಗಿರಾಕಿಯೊಬ್ಬರು ತಮ್ಮ ಕಾಫಿಯನ್ನು ಮುಟ್ಟಲಿಲ್ಲ ಎಂದು ಪ್ರಕಟವಾಗಿತ್ತು. ಅವರು ಪೂರ್ತಿ ಕುಡಿದಿರುತ್ತಾರೆ. ತಪ್ಪಿಗೆ ವಿಷಾದಿಸುತ್ತೇವೆ.’